ಸಿಡಿಆರ್‌ನಲ್ಲಿ ‘ನಾನು’ ಎಂದು ಬರೆಯಲು ಕಲಿತದ್ದು

2021ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವೀಸಾಕ್ಕೆ ಬೇಕಾದ ಸಿಡಿಆರ್ ಎಂಬ ವರದಿಗೆ ನಾನು ಮೊದಲು ಬರೆದ ಕರಿಯರ್ ಎಪಿಸೋಡ್ ಅನ್ನು, ಅಂದರೆ ಒಂದು ಹಳ್ಳಿ ರಸ್ತೆಯ ಕಲ್ವರ್ಟ್ (ನೀರು ಹರಿಯುವ ಮೋರಿ) ಕೆಲಸದ ವಿವರವನ್ನು, ಅಕ್ಕನಿಗೆ ಕಳಿಸಿದೆ. ಅವಳು ನನ್ನ ದೊಡ್ಡಮ್ಮನ ಮಗಳು. ಅವಳೂ ಸಿವಿಲ್ ಇಂಜಿನಿಯರ್, ಈಗ ಮೆಲ್ಬರ್ನ್‌ನಲ್ಲಿ ಕೆಲಸ. ಆರು ವರ್ಷದ ಹಿಂದೆ ಇದೇ ದಾರಿ ಹಿಡಿದು ಅಲ್ಲಿಗೆ ಹೋದವಳು. ಮರುದಿನ ಬೆಳಿಗ್ಗೆ ಆರು ಗಂಟೆಗೇ ಫೋನ್ ಬಂತು. ಅಲ್ಲಿ ಆಗಲೇ ಹನ್ನೊಂದೂವರೆ.

‘ಪೂರ್ತಿ ಓದಿದೆ. ರಸ್ತೆ ಇದೆ, ಕಲ್ವರ್ಟ್ ಇದೆ, ಕಂಪನಿ ಇದೆ. ಇದರಲ್ಲಿ ನೀನೆಲ್ಲಿದ್ದೀಯೇ?’

ನಾನು ತಡವರಿಸಿದೆ. ‘ಎಲ್ಲಾ ಕಡೆ ಇದ್ದೀನಲ್ಲ ಅಕ್ಕ. ಆ ಸೈಟಿಗೆ ನಾನೇ ಇಂಜಿನಿಯರ್.’

‘ಅದು ನಿನಗೆ ಗೊತ್ತು, ನನಗೆ ಗೊತ್ತು. ಓದೋ ಅಸೆಸರ್‌ಗೆ ಹೇಗೆ ಗೊತ್ತಾಗಬೇಕು?’

ಆ ಪ್ರಶ್ನೆಗೆ ಸರಿಯಾದ ಉತ್ತರ ಬರೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಇದೇ ಕೆಲಸಕ್ಕೆ ಈಗ ಕೂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ, ಏನೇನು ತಿದ್ದಿದೆ, ಯಾಕೆ ತಿದ್ದಿದೆ ಎಂದು ಬಿಡಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಆಸ್ಟ್ರೇಲಿಯಾಕ್ಕೆ ಸ್ಕಿಲ್ಡ್ ವೀಸಾದಲ್ಲಿ ಹೋಗಬೇಕೆಂದರೆ ಮೊದಲು ನಮ್ಮ ಕಸುಬನ್ನು ಅಲ್ಲಿನ ಒಂದು ಸಂಸ್ಥೆ ಅಳೆದು ನೋಡಿ ಒಪ್ಪಬೇಕು. ಹೆಚ್ಚಿನ ಇಂಜಿನಿಯರ್‌ಗಳಿಗೆ ಆ ಸಂಸ್ಥೆ ಇಂಜಿನಿಯರ್ಸ್ ಆಸ್ಟ್ರೇಲಿಯಾ. ನಮ್ಮ ದೇಶ 2014ರ ಜೂನ್‌ನಲ್ಲಿ ಇಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆಯಿತು. ಆದರೆ ಅದರ ಲಾಭ ಸಿಗುವುದು ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎ ಟೈರ್ 1 ಮಾನ್ಯತೆ ಇರುವ ಕೋರ್ಸ್‌ಗಳಿಗೆ ಮಾತ್ರ. ನಾನು ಓದಿದ್ದು ವಿಟಿಯು ಅಡಿಯ ಒಂದು ಕಾಲೇಜಿನಲ್ಲಿ, ಬಿಇ ಮುಗಿಸಿದ್ದು ಅದೇ 2014ರಲ್ಲಿ. ಟೈರ್ 1 ಇರಲಿಲ್ಲ. ನನ್ನಂಥವರಿಗೆ ಉಳಿಯುವ ದಾರಿ ಸಿಡಿಆರ್. ಅಂದರೆ ಕಾಂಪಿಟೆನ್ಸಿ ಡೆಮಾನ್‌ಸ್ಟ್ರೇಶನ್ ರಿಪೋರ್ಟ್. ಡಿಗ್ರಿ ಸರ್ಟಿಫಿಕೇಟ್ ಒಂದೇ ಸಾಲದು. ನೀನು ಇಂಜಿನಿಯರ್ ತರ ಯೋಚಿಸಿ ಕೆಲಸ ಮಾಡಿದ್ದೀಯಾ ಎಂಬುದನ್ನು ನಿನ್ನ ಮಾತಿನಲ್ಲೇ ತೋರಿಸು ಅಂತ ಅವರು ಕೇಳುತ್ತಾರೆ.

ಅದರಲ್ಲಿ ಮುಖ್ಯವಾದದ್ದು ಮೂರು ಕರಿಯರ್ ಎಪಿಸೋಡ್. ಒಂದೊಂದೂ 1,000ದಿಂದ 2,500 ಪದ. ಪ್ರತಿ ಪ್ಯಾರಾಗೂ ನಂಬರ್ ಹಾಕಬೇಕು. ಮೊದಲ ಎಪಿಸೋಡಿಗೆ 1.1, 1.2, ಎರಡನೆಯದಕ್ಕೆ 2.1, 2.2 ಹೀಗೆ. ಆಮೇಲೆ ಸಮ್ಮರಿ ಸ್ಟೇಟ್‌ಮೆಂಟ್ ಅಂತ ಒಂದು ಟೇಬಲ್. ಪ್ರೊಫೆಷನಲ್ ಇಂಜಿನಿಯರ್ ವರ್ಗಕ್ಕೆ ಅದರಲ್ಲಿ 16 ಅಂಶಗಳಿರುತ್ತವೆ. ಯಾವ ಅಂಶಕ್ಕೆ ಯಾವ ಪ್ಯಾರಾ ಸಾಕ್ಷಿ ಎಂದು ತೋರಿಸಬೇಕು. ಇವುಗಳ ಜೊತೆಗೆ ಒಂದು ಪುಟದ ಸಿಪಿಡಿ ಪಟ್ಟಿ, ಅಂದರೆ ಡಿಗ್ರಿ ಆದ ಮೇಲೆ ವೃತ್ತಿಗಾಗಿ ಕಲಿತದ್ದರ ಪಟ್ಟಿ. ಹೀಗೆ ಹೇಳಿದರೆ ಸುಲಭ ಅನಿಸುತ್ತೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಎರಡು ವಾರದಲ್ಲಿ ಮುಗಿಸಿಬಿಡೋಣ ಎಂದುಕೊಂಡಿದ್ದೆ.

ಶುರು ಮಾಡುವ ಮೊದಲು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೂ ಹೋಗಿದ್ದೆ. ಅಲ್ಲಿದ್ದವರು ಒಂದು ಫೈಲ್ ತೆಗೆದು ತೋರಿಸಿದರು. ‘ಸಿವಿಲ್‌ಗೆ ನಮ್ಮ ಹತ್ರ ರೆಡಿ ಇದೆ ಮೇಡಂ. ನಿಮ್ಮ ಕಂಪನಿ ಹೆಸರು, ತಾರೀಖು, ಜಾಗ ಕೊಡಿ ಸಾಕು. ಉಳಿದಿದ್ದು ನಾವು ನೋಡ್ಕೋತೀವಿ.’ ಕೇಳಿದ್ದು 30,000 ರೂಪಾಯಿ. ಸೈಟ್ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವಳಿಗೆ ಅದು ದೊಡ್ಡ ಆಸೆ ತೋರಿಸುವ ಮಾತು. ಆದರೆ ನನ್ನ ಬ್ಯಾಚಿನ ಒಬ್ಬ ಗೆಳೆಯನಿಗೆ ಆದದ್ದು ನೆನಪಿತ್ತು. ಅವನು ಹೀಗೇ ಬೇರೆ ಕಡೆ ದುಡ್ಡು ಕೊಟ್ಟು ಬರೆಸಿದ್ದ. ಅವನ ರಿಪೋರ್ಟಿನ ಸಾಲುಗಳು ಮತ್ತೊಬ್ಬರ ರಿಪೋರ್ಟಿನ ಜೊತೆ ಹೊಂದಿಕೆಯಾದವು. ಅರ್ಜಿ ತಿರಸ್ಕಾರವಾಯಿತು, ಮತ್ತೆ ಅರ್ಜಿ ಹಾಕದಂತೆ ನಿರ್ಬಂಧವೂ ಬಿತ್ತು. ಕೃತಿಚೌರ್ಯ ಸಿಕ್ಕರೆ ಅಲ್ಲಿನ ಗೃಹ ಇಲಾಖೆಗೂ ಸುದ್ದಿ ಮುಟ್ಟುತ್ತದೆ. ಅವನು ನಿಜಕ್ಕೂ ಒಳ್ಳೆ ಇಂಜಿನಿಯರ್. ಮೆಟ್ರೊ ಪಿಲ್ಲರ್ ಕೆಲಸದಲ್ಲಿ ಮೂರು ವರ್ಷ ಹಗಲು ರಾತ್ರಿ ದುಡಿದವನು. ಅವನು ಮಾಡಿದ ಕೆಲಸದ ಒಂದು ಸಾಲೂ ಆ ರಿಪೋರ್ಟಿನಲ್ಲಿ ಇರಲಿಲ್ಲ. ಅದು ನನಗೆ ಈಗಲೂ ಸಂಕಟ ತರುತ್ತದೆ. ನಾನೇ ಬರೆಯುತ್ತೇನೆ ಎಂದು ಅಲ್ಲಿಂದ ಎದ್ದು ಬಂದೆ.

ಸರಿ, ನಾನೇ ಬರೆದೆ. ಹೇಗೆ ಬರೆದೆ ನೋಡಿ. ಮೊದಲ ಕರಡಿನ ಒಂದು ಪ್ಯಾರಾವನ್ನು ಕನ್ನಡದಲ್ಲಿ ಹೇಳಿದರೆ ಹೀಗಿತ್ತು: ‘ಸದರಿ ರಸ್ತೆ ಕಾಮಗಾರಿಯಲ್ಲಿ ಜಲವಿಜ್ಞಾನದ ಅಧ್ಯಯನ ನಡೆಸಲಾಯಿತು. ಸೂಕ್ತ ಮಾನದಂಡಗಳ ಪ್ರಕಾರ ಕಲ್ವರ್ಟ್ ವಿನ್ಯಾಸವನ್ನು ಬದಲಿಸಲಾಯಿತು. ನಮ್ಮ ತಂಡ ಕೆಲಸವನ್ನು ಯಶಸ್ವಿಯಾಗಿ ಪೂರ್ಣಗೊಳಿಸಿತು.’

ಯಾರು ನಡೆಸಿದರು? ಯಾವ ಮಾನದಂಡ? ಯಾಕೆ ಬದಲಿಸಿದರು? ಒಂದಕ್ಕೂ ಉತ್ತರ ಇಲ್ಲ. ನಾವು ಕಚೇರಿ ಪತ್ರ, ಟೆಂಡರ್, ಅಳತೆ ಪುಸ್ತಕ ಓದಿ ಓದಿ ‘ಮಾಡಲಾಯಿತು’ ಎಂಬ ಮಾತು ನಮ್ಮ ಕೈಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಕಾರಣ ಮನೆಯಿಂದಲೇ ಬಂದದ್ದು. ‘ನಾನು ಮಾಡಿದೆ, ನಾನು ಮಾಡಿದೆ ಅನ್ನಬಾರದು’ ಅಂತ ಅಜ್ಜಿ ಹೇಳಿಕೊಟ್ಟ ಪಾಠ. ಹತ್ತು ಜನ ಸೇರಿ ಮಾಡಿದ ಕೆಲಸವನ್ನು ನನ್ನದು ಅನ್ನಲು ನಾಲಿಗೆ ಏಳುವುದಿಲ್ಲ. ಹಾಗಾಗಿ ಎಲ್ಲಾ ಕಡೆ ‘ನಾವು’ ಬರೆದಿದ್ದೆ. ಅದರ ಮೇಲೆ ರಸ್ತೆಯ ಉದ್ದ, ಅಂದಾಜು ವೆಚ್ಚ, ಕಂಪನಿಯ ಇತಿಹಾಸ ಎಂದು ಅರ್ಧ ಎಪಿಸೋಡ್ ತುಂಬಿಸಿದ್ದೆ. ಇಂಜಿನಿಯರ್ಸ್ ಆಸ್ಟ್ರೇಲಿಯಾದವರ ಕೈಪಿಡಿಯಲ್ಲಿ ಇದಕ್ಕೆಲ್ಲ ಅಳತೆ ಕೊಟ್ಟಿದ್ದಾರೆ. ಪರಿಚಯಕ್ಕೆ ಸುಮಾರು 100 ಪದ, ಹಿನ್ನೆಲೆಗೆ 200ರಿಂದ 500. ನಾವು ಸ್ವತಃ ಮಾಡಿದ ಇಂಜಿನಿಯರಿಂಗ್ ಕೆಲಸಕ್ಕೇ 600ರಿಂದ 1,500. ಆ ಭಾಗವೇ ರಿಪೋರ್ಟಿನ ಜೀವ. ನನ್ನ ಕರಡಿನಲ್ಲಿ ಅದಕ್ಕೆ ಸಿಕ್ಕಿದ್ದು 300 ಪದ.

ಅಕ್ಕ ಒಂದು ಕೆಲಸ ಕೊಟ್ಟಳು. ‘ಇಂಗ್ಲಿಷ್ ಬಿಡು. ಕಂಪ್ಯೂಟರ್ ಮುಚ್ಚು. ಆ ಕಲ್ವರ್ಟ್ ಹತ್ರ ನೀನು ಏನು ಮಾಡಿದೆ ಅಂತ ನನಗೆ ಕನ್ನಡದಲ್ಲಿ ಹೇಳು. ಅಮ್ಮನಿಗೆ ಹೇಳೋ ತರ ಹೇಳು.’

ಆ ದಿನ ಫೋನಿನಲ್ಲಿ ಮುಕ್ಕಾಲು ಗಂಟೆ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಆಶ್ಚರ್ಯ. ಕಾಗದದ ಮೇಲೆ ಇಲ್ಲದ ಎಷ್ಟೋ ವಿಷಯ ಬಾಯಲ್ಲಿ ಬಂತು. ಕೆಲವು ಅಂಕಿ ಮರೆತುಹೋಗಿದ್ದವು. ಮುಂದಿನ ಭಾನುವಾರ ಭದ್ರಾವತಿಗೆ ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ನನ್ನ ಸೈಟ್ ಡೈರಿಗಳು ಅದರಲ್ಲಿದ್ದವು. ಐದು ಡೈರಿ. ಒಂದಕ್ಕೆ ಗೆದ್ದಲು ಹತ್ತಿತ್ತು. 2017ರದ್ದು ಪುಣ್ಯಕ್ಕೆ ಚೆನ್ನಾಗಿತ್ತು.

ಈ ಕಲ್ವರ್ಟ್ ಕಥೆ ನನ್ನ ಎರಡನೇ ಎಪಿಸೋಡ್. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದನ್ನು ತಿದ್ದುವಾಗಲೇ ನನಗೆ ಸಿಡಿಆರ್ ಅಂದರೆ ಏನು ಎಂದು ಅರ್ಥವಾದದ್ದು.

ಹಾವೇರಿ ಜಿಲ್ಲೆಯ ಒಂದು ಹಳ್ಳಿ ರಸ್ತೆ. ಎರೆ ಭೂಮಿ. ರಸ್ತೆಗೆ ಒಂದು ಹಳ್ಳ ಅಡ್ಡ ಬರುತ್ತದೆ. ಡ್ರಾಯಿಂಗ್‌ನಲ್ಲಿ ಅಲ್ಲಿಗೆ ಒಂದು ಮೀಟರ್ ವ್ಯಾಸದ ಎರಡು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ತೋರಿಸಿದ್ದರು. ನಾನು ಲೈನ್ ಗುರುತು ಹಾಕಿಸುತ್ತಿದ್ದಾಗ ಪಕ್ಕದ ಹೊಲದ ಅಜ್ಜ ಬಂದು ನಿಂತರು. ಒಂದು ಜಾಲಿ ಮರದ ಹತ್ತಿರ ಕರೆದುಕೊಂಡು ಹೋಗಿ ಕಾಂಡದ ಮೇಲೆ ಕೈಯಿಟ್ಟು ತೋರಿಸಿದರು. ‘ಯವ್ವಾ, ಮಳಿಗಾಲದಾಗ ನೀರು ಇಲ್ಲೀತನಕಾ ಬರ್ತೈತಿ. ಈ ಕೊಳವಿ ಸಾಲಾಂಗಿಲ್ಲ ಬಿಡು.’

ನಾನು ಆಟೋ ಲೆವೆಲ್ ಇಟ್ಟು ಆ ಗುರುತಿನ ಮಟ್ಟ ತೆಗೆದೆ. ಆ ಮಟ್ಟಕ್ಕೆ ನೀರು ಬಂದರೆ ಡ್ರಾಯಿಂಗ್‌ನ ರಸ್ತೆ ಮುಳುಗುತ್ತಿತ್ತು. ಅವತ್ತು ರಾತ್ರಿ ಆ ಪ್ರದೇಶದ ನಕ್ಷೆಯಾದ ಟೋಪೋಶೀಟ್‌ನಲ್ಲಿ ಹಳ್ಳದ ಜಲಾನಯನ ಅಳೆದೆ. 240 ಹೆಕ್ಟೇರ್ ಬಂತು. ಸಣ್ಣ ಸೇತುವೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಕೊಟ್ಟಿರುವ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 13ರಲ್ಲಿ ರ‍್ಯಾಷನಲ್ ವಿಧಾನ ಇದೆ, ಮಳೆ ಮತ್ತು ಜಲಾನಯನದಿಂದ ಹರಿಯುವ ನೀರನ್ನು ಲೆಕ್ಕ ಹಾಕುವುದು. ಮಣ್ಣಿಗೆ ಗುಣಾಂಕ 0.4, ಮಳೆಯ ತೀವ್ರತೆ ಗಂಟೆಗೆ 5 ಸೆಂಟಿಮೀಟರ್ ಹಿಡಿದೆ. ಸೆಕೆಂಡಿಗೆ ಸುಮಾರು 13 ಘನ ಮೀಟರ್ ನೀರು ಎಂದು ಉತ್ತರ ಬಂತು. ಒಂದೇ ಲೆಕ್ಕ ನಂಬಲು ಧೈರ್ಯ ಸಾಲಲಿಲ್ಲ. ಮರುದಿನ ಹಳ್ಳದ ಅಡ್ಡ ಕೊಯ್ತ ತೆಗೆದು, ಅಜ್ಜ ತೋರಿಸಿದ ಮಟ್ಟದವರೆಗಿನ ವಿಸ್ತೀರ್ಣ 9.5 ಚದರ ಮೀಟರ್ ಎಂದು ಲೆಕ್ಕ ಹಾಕಿದೆ. ಮ್ಯಾನಿಂಗ್ ಸೂತ್ರದಿಂದ ವೇಗ ಸೆಕೆಂಡಿಗೆ 1.4 ಮೀಟರ್ ಬಂತು. ಗುಣಿಸಿದರೆ 13.3. ಎರಡು ಬೇರೆ ದಾರಿಯಲ್ಲಿ ಹೋದರೂ ಒಂದೇ ಊರು ಸೇರಿದ ಹಾಗಾಯಿತು.

ಇನ್ನು ಆ ಎರಡು ಪೈಪಿನ ಒಟ್ಟು ಬಾಯಿ 1.57 ಚದರ ಮೀಟರ್. ಅದರೊಳಗೆ 13 ಘನ ಮೀಟರ್ ನೀರು ಹೋಗಬೇಕೆಂದರೆ ವೇಗ ಸೆಕೆಂಡಿಗೆ 8 ಮೀಟರ್ ದಾಟಬೇಕು. ಆಗದ ಮಾತು. ನೀರು ಹಿಂದಕ್ಕೆ ನಿಂತು ಅಜ್ಜನ ಹೊಲಕ್ಕೆ ನುಗ್ಗುತ್ತದೆ, ಇಲ್ಲವೇ ರಸ್ತೆ ಕೊಚ್ಚಿಕೊಂಡು ಹೋಗುತ್ತದೆ. ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಎರಡು ಕಣ್ಣಿನ ಬಾಕ್ಸ್ ಕಲ್ವರ್ಟ್ ಹಾಕೋಣ ಎಂದು ಬರೆದುಕೊಟ್ಟೆ. ಆಗ ಬಾಯಿ ಆರು ಚದರ ಮೀಟರ್ ಆಗುತ್ತದೆ, ವೇಗ ಸುಮಾರು 2.2ಕ್ಕೆ ಇಳಿಯುತ್ತದೆ. ಎರೆ ಮಣ್ಣು ಕೊರೆದುಹೋಗದಂತೆ ಎರಡೂ ಕಡೆ ಏಪ್ರನ್ (ನೆಲಕ್ಕೆ ಗಟ್ಟಿ ಹಾಸು) ಮತ್ತು ಕರ್ಟನ್ ವಾಲ್ (ಅದರ ಅಂಚಿಗೆ ನೆಲದೊಳಗೆ ಇಳಿಸಿದ ಗೋಡೆ) ಸೇರಿಸಿದೆ. ಪ್ರಾಜೆಕ್ಟ್ ಮ್ಯಾನೇಜರ್ ಸರ್ ಎರಡು ಸಲ ಓದಿ ಇಲಾಖೆಗೆ ಕಳಿಸಿದರು. ಒಪ್ಪಿಗೆ ಬಂತು.

ಈಗ ನೋಡಿ, ಮೊದಲ ಕರಡಿನಲ್ಲಿ ಇದೆಲ್ಲ ‘ಜಲವಿಜ್ಞಾನದ ಅಧ್ಯಯನ ನಡೆಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಮುಚ್ಚಿಹೋಗಿತ್ತು. ಅಜ್ಜ ಇರಲಿಲ್ಲ. ಜಾಲಿ ಮರ ಇರಲಿಲ್ಲ. 8 ಮೀಟರ್ ವೇಗ ಇರಲಿಲ್ಲ. ಇಂಜಿನಿಯರ್ ಆಗಿ ನಾನು ಯೋಚಿಸಿದ ಜಾಗವನ್ನೇ ಬಿಟ್ಟು ಉಳಿದದ್ದೆಲ್ಲ ಬರೆದಿದ್ದೆ.

ಎರಡನೇ ಕರಡಿನಲ್ಲಿ ಉಲ್ಟಾ ತಪ್ಪು ಮಾಡಿದೆ. ಮೂರು ಪುಟ ಬರೀ ಲೆಕ್ಕ. ಎಲ್ಲಾ ಸೂತ್ರ, ಲೆವೆಲ್‌ಗಳ ಇಡೀ ಟೇಬಲ್, ನಾಲ್ಕು ಫೋಟೊ. ಅಕ್ಕ ಹೇಳಿದಳು, ‘ಇದು ಡಿಸೈನ್ ರಿಪೋರ್ಟ್ ಆಯ್ತು. ಅವರಿಗೆ ನಿನ್ನ ಕ್ಯಾಲ್ಕುಲೇಟರ್ ನೋಡಬೇಕಾಗಿಲ್ಲ ಕಣೇ. ಈ ಅಂಕಿ ನೋಡಿ ನೀನು ಏನು ತೀರ್ಮಾನ ಮಾಡಿದೆ, ಅದು ಬೇಕು.’ ಕೈಪಿಡಿಯೂ ಅದನ್ನೇ ಹೇಳುತ್ತದೆ. ಫೋಟೊ, ಡ್ರಾಯಿಂಗ್, ಲೆಕ್ಕ ಅತಿಯಾಗಬಾರದು. ಹಾಗಾಗಿ ಒಂದು ಚಿಕ್ಕ ಟೇಬಲ್ ಮಾತ್ರ ಉಳಿಸಿದೆ. ಅದರಲ್ಲಿ ನೀರಿನ ಪ್ರಮಾಣ, ಪೈಪಿನ ಬಾಯಿ, ಬಾಕ್ಸಿನ ಬಾಯಿ, ಎರಡಕ್ಕೂ ವೇಗ. ನೋಡಿದ ಕೂಡಲೇ ಯಾಕೆ ಬದಲಿಸಿದೆ ಎಂದು ಗೊತ್ತಾಗುತ್ತದೆ.

ಮೂರನೇ ಕರಡಿಗೆ ಕೂತಾಗ ಇನ್ನೊಂದು ಸಮಸ್ಯೆ. ಈಗ ಎಲ್ಲಾ ಕಡೆ ‘ನಾನು’ ಬಂದುಬಿಟ್ಟಿತ್ತು. ‘ನಾನು ಬಾಕ್ಸ್ ಕಲ್ವರ್ಟ್ ಡಿಸೈನ್ ಮಾಡಿದೆ’ ಎಂದು ಬರೆದಿದ್ದೆ. ಅದು ನಿಜವಲ್ಲ. ಬಾಕ್ಸಿನ ಅಳತೆ ತೀರ್ಮಾನಿಸಿದ್ದು ನಾನು. ಸ್ಲ್ಯಾಬಿಗೆ, ಗೋಡೆಗೆ ಎಷ್ಟು ಕಬ್ಬಿಣ ಎಂದು ಲೆಕ್ಕ ಹಾಕಿದ್ದು ಹುಬ್ಬಳ್ಳಿಯ ಸ್ಟ್ರಕ್ಚರಲ್ ಇಂಜಿನಿಯರ್. ನಾನು ಅವರ ಡ್ರಾಯಿಂಗ್ ಪರಿಶೀಲಿಸಿದೆ, ಕವರ್, ಅಂದರೆ ಕಬ್ಬಿಣದ ಮೇಲಿನ ಕಾಂಕ್ರೀಟ್ ಪದರ, ಎಷ್ಟಿರಬೇಕು ಎಂದು ಒಂದು ಪ್ರಶ್ನೆ ಕೇಳಿ ತಿದ್ದಿಸಿದೆ. ಅಷ್ಟೇ. ಅದನ್ನು ಹಾಗೇ ಬರೆದೆ: ಇಲ್ಲಿಯವರೆಗೆ ನಾನು, ಇಲ್ಲಿಂದ ಅವರು, ಮತ್ತೆ ಸೈಟಿನಲ್ಲಿ ನಾನು. ಬರೆದ ಮೇಲೆ ಎಪಿಸೋಡ್ ದುರ್ಬಲವಾಗುತ್ತದೆ ಎಂಬ ಭಯ ಇತ್ತು. ಓದಿ ನೋಡಿದರೆ ಇನ್ನೂ ಗಟ್ಟಿಯಾಗಿತ್ತು. ‘ನಾನು’ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾದಾಗ, ಅದು ಇರುವ ಕಡೆಯೆಲ್ಲ ಓದುವವರಿಗೆ ನಂಬಿಕೆ ಬರುತ್ತದೆ. ಅಜ್ಜಿಯ ಪಾಠಕ್ಕೂ ಇದರಿಂದ ಧಕ್ಕೆ ಆಗಲಿಲ್ಲ ಅಂತ ಸಮಾಧಾನ ಆಯಿತು. ಬೇರೆಯವರ ಕೆಲಸ ನನ್ನ ಹೆಸರಿಗೆ ಬರೆದುಕೊಳ್ಳಲಿಲ್ಲ, ನನ್ನದನ್ನು ಮುಚ್ಚಿಡಲೂ ಇಲ್ಲ.

ಮೂರನೇ ಎಪಿಸೋಡ್ ಬರೆಯುವುದು ಬೇರೆ ರೀತಿಯಲ್ಲಿ ಕಷ್ಟವಾಯಿತು. ಅದು 2019ರಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಕೆಲಸ. ಮೊದಲ ಕರಡಿನಲ್ಲಿ ‘ಕೆಲವು ಗುಣಮಟ್ಟದ ಸಮಸ್ಯೆಗಳು ಬಂದವು, ಅವುಗಳನ್ನು ಪರಿಹರಿಸಲಾಯಿತು’ ಎಂದಷ್ಟೇ ಬರೆದಿದ್ದೆ. ಕಂಪನಿಯ ಮಾನ ಯಾಕೆ ಕಳೆಯಬೇಕು ಎಂದು.

ನಡೆದದ್ದು ಇಷ್ಟು. ಎರಡನೇ ಮಹಡಿಯ ಸ್ಲ್ಯಾಬ್, ಎಂ 25 ಕಾಂಕ್ರೀಟ್, ಅಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲ ಬರಬೇಕಾದದ್ದು. ಪರೀಕ್ಷೆಗೆ ಹಾಕಿದ್ದ ಏಳು ದಿನದ ಕ್ಯೂಬ್ ಒಡೆದಾಗ 12.8 ಬಂತು. ಸುಮಾರು 16 ಆದರೂ ಬರಬೇಕಿತ್ತು. ಒಂದು ಕ್ಯೂಬ್ ಕಡಿಮೆ ಬಂದರೆ ಕ್ಯೂಬ್ ಹಾಕಿದವರ ತಪ್ಪು ಇರಬಹುದು. ಮೂರೂ ಕಡಿಮೆ. ನಾನು ಬ್ಯಾಚ್ ಚೀಟಿ (ಕಾಂಕ್ರೀಟ್ ಕಲಸಿದ ವಿವರದ ಚೀಟಿ) ತೆಗೆಸಿ ಸಮಯ ನೋಡಿದೆ. ಒಂದು ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿ ಎರಡೂವರೆ ಗಂಟೆ ಆಗಿತ್ತು. ಸಿದ್ಧ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 4926 ಹೇಳುವುದು ಎರಡು ಗಂಟೆ. ಗಟ್ಟಿಯಾಗುತ್ತಿದ್ದ ಕಾಂಕ್ರೀಟಿಗೆ ಯಾರೋ ನೀರು ಹಾಕಿ ಸಡಿಲ ಮಾಡಿದ್ದರು. ‘ಬೇರೆ ಕ್ಯೂಬ್ ಹಾಕಿ ಕಳಿಸೋಣ ಮೇಡಂ, ಯಾರಿಗೂ ಗೊತ್ತಾಗಲ್ಲ’ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಸ್ಲ್ಯಾಬ್ ಕೆಳಗೆ ಆಧಾರಕ್ಕಿಟ್ಟ ಜಾಕಿ ತೆಗೆಯುವುದನ್ನು ನಿಲ್ಲಿಸಿದೆ. ಮೇಲಿನ ಮಹಡಿ ಕೆಲಸ ನಿಲ್ಲಿಸಿ ಎಂದು ಲಿಖಿತವಾಗಿ ಕೊಟ್ಟೆ. ರಿಬೌಂಡ್ ಹ್ಯಾಮರ್‌ನಿಂದ ಸ್ಲ್ಯಾಬ್ ಪೂರ್ತಿ ಬಡಿದು ಗಟ್ಟಿತನ ಪರೀಕ್ಷಿಸಿ, ದುರ್ಬಲ ಕಂಡ ಜಾಗದಲ್ಲಿ ಮೂರು ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿದೆ. 28 ದಿನದ ಕ್ಯೂಬಿನ ಸರಾಸರಿ 19.6. ಕೋರ್‌ನಲ್ಲಿ ಬಂದದ್ದು 21.9, 22.6, 20.7. ಐಎಸ್ 456ರ ಪ್ರಕಾರ ಕೋರ್‌ಗಳ ಸರಾಸರಿ ಬೇಕಾದ ಬಲದ ಶೇಕಡ 85ಕ್ಕಿಂತ ಕಡಿಮೆ ಇರಬಾರದು, ಯಾವ ಒಂದೂ ಶೇಕಡ 75ಕ್ಕಿಂತ ಕೆಳಗಿರಬಾರದು. ಎಂ 25ಕ್ಕೆ ಅದು 21.25 ಮತ್ತು 18.75. ನಮ್ಮ ಸರಾಸರಿ 21.7. ಕೂದಲೆಳೆಯಲ್ಲಿ ಪಾಸ್. ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಕೊನೆಗೆ ಯಾರ ಹೆಸರೂ ಹೇಳದೆ, ಯಾರನ್ನೂ ದೂರದೆ, ಏನಾಯಿತು, ನಾನೇನು ಮಾಡಿದೆ ಎಂಬುದನ್ನಷ್ಟೇ ಬರೆದೆ. ನೀರು ಹಾಕಬಾರದೆಂದು ಸೈಟಿನಲ್ಲಿ ನಾನು ಮೊದಲೇ ಬಿಗಿ ಮಾಡಬೇಕಿತ್ತು. ಅದಾದ ಮೇಲೆ ಪ್ರತಿ ಲಾರಿಗೂ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲ ಎಂಬ ಅಳತೆ) ಮತ್ತು ಸಮಯ ಬರೆಯುವ ಒಂದು ರಿಜಿಸ್ಟರ್ ಶುರು ಮಾಡಿದೆ. ಅದನ್ನೂ ಸೇರಿಸಿದೆ. 16 ಅಂಶಗಳಲ್ಲಿ ಪಿಇ 3.1 ಅಂದರೆ ವೃತ್ತಿ ನೀತಿ, ಹೊಣೆ. ‘ನಾನು ಪ್ರಾಮಾಣಿಕಳು’ ಎಂದು ಸುಮ್ನೆ ಬರೆದರೆ ಅದಕ್ಕೆ ಬೆಲೆ ಇಲ್ಲ. ಸುಲಭದ ದಾರಿ ಎದುರಿಗೇ ಇದ್ದಾಗ ಏನು ಮಾಡಿದೆ ಎಂದು ತೋರಿಸಿದರೆ ಆ ಪದವೇ ಬೇಕಾಗುವುದಿಲ್ಲ.

ಮೊದಲ ಎಪಿಸೋಡ್ ನನ್ನ ಬಿಇ ಕೊನೆ ವರ್ಷದ ಪ್ರಾಜೆಕ್ಟ್. ನದಿ ಮರಳಿನ ಬದಲು ಕ್ವಾರಿ ಡಸ್ಟ್ (ಕಲ್ಲು ಕ್ವಾರಿಯ ಪುಡಿ) ಹಾಕಿದ ಕಾಂಕ್ರೀಟ್. ನಮ್ಮಲ್ಲಿ ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡದ ಕಾಲೇಜೇ ಇಲ್ಲವೇನೋ. ಅದಕ್ಕೇ ಇದರಲ್ಲಿ ಜಾಸ್ತಿ ಎಚ್ಚರ ಬೇಕು. ಪ್ರಾಜೆಕ್ಟ್ ರಿಪೋರ್ಟಿನಿಂದ ಒಂದು ಸಾಲೂ ಎತ್ತಲಿಲ್ಲ. ಅದು ನಾಲ್ಕು ಜನ ಸೇರಿ ಬರೆದದ್ದು, ಅದರ ಪೀಠಿಕೆ ಎಲ್ಲಿಂದ ಬಂತು ಎಂದು ನಮಗೇ ಖಚಿತ ಇಲ್ಲ. ನನ್ನ ಲ್ಯಾಬ್ ನೋಟ್‌ಬುಕ್ ಹಿಡಿದು ಬರೆದೆ. ಮಿಕ್ಸ್ ಡಿಸೈನ್ ನನ್ನ ಪಾಲಿಗೆ ಬಂದಿತ್ತು. ಮೊದಲ ಸಲ ಕ್ಯೂಬ್‌ಗಳ ಬಲ ಒಂದಕ್ಕೊಂದು ತಾಳೆ ಆಗಲಿಲ್ಲ. ಕ್ವಾರಿ ಡಸ್ಟ್ ಮರಳಿಗಿಂತ ಜಾಸ್ತಿ ನೀರು ಹೀರುತ್ತದೆ, ನಾವು ಅದಕ್ಕೆ ನೀರು ಸರಿಪಡಿಸಿಯೇ ಇರಲಿಲ್ಲ ಎಂದು ನಾನು ಕಂಡುಕೊಂಡೆ. ಲೆಕ್ಕ ಸರಿಮಾಡಿ ಮತ್ತೆ ಕ್ಯೂಬ್ ಹಾಕಿದೆವು. ಇಲ್ಲಿ ‘ಹಾಕಿದೆವು’ ಎಂದೇ ಬರೆದೆ, ಯಾಕೆಂದರೆ ಹಾಕಿದ್ದು ನಾಲ್ಕೂ ಜನ.

ಸಮ್ಮರಿ ಸ್ಟೇಟ್‌ಮೆಂಟನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ನಾನು ಮೂರೂ ಎಪಿಸೋಡ್ ಮುಗಿಸಿ ಆ ಟೇಬಲ್ ತುಂಬಲು ಕೂತೆ. ಪಿಇ 2.1 ಅಂದರೆ ಕ್ಲಿಷ್ಟ ಸಮಸ್ಯೆ ಬಿಡಿಸುವುದು. ಅದಕ್ಕೆ ಏಳು ಪ್ಯಾರಾ ಸಿಕ್ಕವು. ಪಿಇ 1.4, ಅಂದರೆ ಈ ಕ್ಷೇತ್ರದಲ್ಲಿ ಜ್ಞಾನ, ಸಂಶೋಧನೆ ಯಾವ ಕಡೆ ಸಾಗುತ್ತಿದೆ ಎಂಬ ಅರಿವು, ಅದಕ್ಕೆ ಒಂದೂ ಇಲ್ಲ. ಪಿಇ 1.6, ಸುಸ್ಥಿರ ಇಂಜಿನಿಯರಿಂಗ್, ಅದಕ್ಕೂ ಇಲ್ಲ. ಅಲ್ಲಿ ಖಾಲಿ ಬಿಡುವಂತಿಲ್ಲ. ಹಾಗಂತ ಇಲ್ಲದ್ದನ್ನು ಹುಟ್ಟಿಸುವಂತೆಯೂ ಇಲ್ಲ. ಮತ್ತೆ ನೋಟ್‌ಬುಕ್ ತೆಗೆದೆ. ಪ್ರಾಜೆಕ್ಟ್ ಸಮಯದಲ್ಲಿ ನಾನು ಓದಿ ಟಿಪ್ಪಣಿ ಮಾಡಿದ ಸಂಶೋಧನಾ ಲೇಖನಗಳ ವಿವರ ಅದರಲ್ಲೇ ಇತ್ತು. ಎಷ್ಟು ಶೇಕಡ ಬದಲಿಸಬೇಕು ಎಂದು ಅವುಗಳಿಂದಲೇ ಶುರು ಮಾಡಿದ್ದೆವು. ನದಿಯಿಂದ ಮರಳು ಎತ್ತುವುದು ಯಾಕೆ ಕಡಿಮೆಯಾಗಬೇಕು ಎಂಬುದೇ ಆ ಪ್ರಾಜೆಕ್ಟಿನ ಮೂಲ. ತುಂಗಭದ್ರೆಯ ದಡದಲ್ಲಿ ಮರಳಿನ ಗುಂಡಿಗಳನ್ನು ನೋಡಿ ಬೆಳೆದವಳು ನಾನು. ಅದನ್ನೇ ಬರೆಯದೆ ಬಿಟ್ಟಿದ್ದೆ! ಎರಡು ಪ್ಯಾರಾ ಸೇರಿಸಿದೆ. ಎರಡೂ ಖಾಲಿ ಜಾಗ ತುಂಬಿದವು. ಮೊದಲೇ ಟೇಬಲ್ ಪಕ್ಕದಲ್ಲಿಟ್ಟುಕೊಂಡು ಬರೆದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಸಿಪಿಡಿ ಪಟ್ಟಿ ಒಂದು ಸಂಜೆಯ ಕೆಲಸ. ಹೋದ ಕಾರ್ಯಾಗಾರ, ಮಾಡಿದ ಕೋರ್ಸ್, ಓದಿದ ಕೋಡ್, ತಾರೀಖು ಸಮೇತ ಒಂದೇ ಪುಟದಲ್ಲಿ. ಐಇಎಲ್‌ಟಿಎಸ್‌ನಲ್ಲಿ (ಇಂಗ್ಲಿಷ್ ಭಾಷಾ ಪರೀಕ್ಷೆ) ನಾಲ್ಕೂ ವಿಭಾಗಕ್ಕೆ 6 ಸಾಕಿತ್ತು, ಬಂದಿತ್ತು. ಅನುಭವ ಪತ್ರಕ್ಕೆ ಮಾತ್ರ ಓಡಾಡಬೇಕಾಯಿತು. ಹಳೆ ಕಂಪನಿಯ ಪತ್ರದಲ್ಲಿ ‘ಉತ್ತಮ ನಡತೆ’ ಎಂದಿತ್ತೇ ಹೊರತು ಹುದ್ದೆ, ಸೇರಿದ ಬಿಟ್ಟ ತಾರೀಖು, ಮಾಡಿದ ಕೆಲಸ ಇರಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಸರ್ ಆಗ ಗದಗ ಕಡೆ ಸೈಟಿನಲ್ಲಿದ್ದರು. ನಾನು ಹೋಗಿ ಕೂತು ವಿವರ ಹೇಳಿದೆ. ಅವರು ಲೆಟರ್‌ಹೆಡ್ ತರಿಸಿ ಹೊಸದಾಗಿ ಬರೆಸಿ ಸಹಿ ಮಾಡಿಕೊಟ್ಟರು.

2022ರ ಫೆಬ್ರವರಿಯಲ್ಲಿ ಅರ್ಜಿ ಹಾಕಿದೆ. ನಂತರ ಒಂದು ದಿನ ಮಿಂಚಂಚೆ ಬಂತು. ಎರಡನೇ ಎಪಿಸೋಡ್ ಬಗ್ಗೆ ಹೆಚ್ಚಿನ ಮಾಹಿತಿ ಬೇಕು ಎಂದು ಕೇಳಿದ್ದರು. ಕಲ್ವರ್ಟ್ ಬದಲಾವಣೆಯಲ್ಲಿ ನಿಮ್ಮ ಪಾತ್ರಕ್ಕೆ ಪುರಾವೆ ಕೊಡಿ ಎಂಬುದು ಅದರ ಸಾರ. ಓದಿ ಎದೆ ಧಸಕ್ ಎಂದಿತು. ಎಲ್ಲಾ ಮುಗಿಯಿತು ಎಂದುಕೊಂಡೆ. ಅಕ್ಕ ಸಮಾಧಾನ ಮಾಡಿದಳು. ‘ಬೇಡ ಅಂದಿಲ್ಲವಲ್ಲ. ಕೇಳ್ತಾ ಇದ್ದಾರೆ. ನಿನ್ನ ಹತ್ರ ಇದೆ, ಕೊಡು.’

ನಿಜ, ಇತ್ತು. ನಾನೇ ಬರೆದದ್ದಾದ್ದರಿಂದ ಇತ್ತು. ಸರ್‌ಗೆ ಫೋನ್ ಮಾಡಿ ಕಾಗದ ಕಳಿಸಬಹುದಾ ಎಂದು ಕೇಳಿದೆ. ವೆಚ್ಚದ ಪುಟಗಳನ್ನು ಬಿಟ್ಟು ಉಳಿದದ್ದು ಕಳಿಸು ಎಂದರು. 2017ರ ಡೈರಿಯ ಎರಡು ಪುಟ, ನನ್ನ ಕೈಬರಹದ ಲೆವೆಲ್ ಲೆಕ್ಕ, ಬದಲಾವಣೆಗೆ ನಾನು ಬರೆದುಕೊಟ್ಟಿದ್ದ ಟಿಪ್ಪಣಿ. ಇಷ್ಟನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದೆ. ಕನ್ನಡದಲ್ಲಿದ್ದ ಡೈರಿಯ ಸಾಲುಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗಿಟ್ಟೆ. ಜೊತೆಗೆ ಅರ್ಧ ಪುಟದ ವಿವರಣೆ: ಅಳತೆ, ಲೆಕ್ಕ, ಪ್ರಸ್ತಾವ ನನ್ನದು. ಕಬ್ಬಿಣದ ವಿನ್ಯಾಸ ಸ್ಟ್ರಕ್ಚರಲ್ ಇಂಜಿನಿಯರ್ ಅವರದು. ಒಪ್ಪಿಗೆ ಇಲಾಖೆಯದು. ಎಪಿಸೋಡಿನಲ್ಲಿ ಇದ್ದದ್ದೇ, ಹೊಸದೇನೂ ಇಲ್ಲ. ಡೈರಿಯಲ್ಲಿದ್ದ ತಾರೀಖೂ ಎಪಿಸೋಡಿನ ತಾರೀಖೂ ಒಂದೇ ಇತ್ತು.

ಕೆಲವು ವಾರ ಕಳೆದು ಫಲಿತಾಂಶದ ಪತ್ರ ಬಂತು. ನಾನು ಆಗ ಸೈಟಿನಲ್ಲಿ ಕಾಲಂ ಕಬ್ಬಿಣ ಪರಿಶೀಲಿಸುತ್ತಿದ್ದೆ. ಪ್ರೊಫೆಷನಲ್ ಇಂಜಿನಿಯರ್, ಸಿವಿಲ್ ಇಂಜಿನಿಯರ್, ಕಸುಬಿನ ಸಂಖ್ಯೆ 233211 ಎಂದಿತ್ತು. ಎರಡು ಸಲ ಓದಿದೆ. ವೀಸಾಕ್ಕೆ ಇನ್ನೂ ದೂರ ಇದೆ, ಪಾಯಿಂಟ್ ಲೆಕ್ಕ ಇದೆ, ಆಹ್ವಾನಕ್ಕೆ ಕಾಯುವುದಿದೆ. ಅದು ಬೇರೆ ಕಥೆ.

ಅಮ್ಮನಿಗೆ, ಅಕ್ಕನಿಗೆ ಹೇಳಿದ ಮೇಲೆ ಗದಗಿಗೆ ಫೋನ್ ಮಾಡಿದೆ. ಸರ್ ಹಿಂದೆ ವೈಬ್ರೇಟರ್ ಸದ್ದು ಕೇಳುತ್ತಿತ್ತು. ಕಾಂಕ್ರೀಟ್ ನಡೆಯುತ್ತಿತ್ತು ಅನಿಸುತ್ತದೆ. ಖುಷಿಪಟ್ಟರು. ಆಮೇಲೆ ದನಿ ಎತ್ತಿ ಕೇಳಿದರು.

‘ಆ ಜಾಲಿ ಮರದ ಅಜ್ಜನ ಮಾತು ಬರದಿದ್ದೇನವಾ?’

‘ಬರೆದಿದ್ದೆ ಸರ್. 2.7ನೇ ಪ್ಯಾರಾ.’